ಅರ್ಜುವಿನ ನಾಲಿಗೆ

ಆ ಚಳಿಗಾಲದಲ್ಲಿ ಅರ್ಜು ತೋಟದ ಬಗ್ಗೆ ಆಡಿದ್ದು ಒಂದೇ ಒಂದು ಮಾತು. ಆ ಮಾತಿಗಾಗಿ ಮನೆಯವರು ಅವಳ ಮೇಲೆ ಹಲ್ಲು ಕಡಿಯುವುದು ಬೇಸಿಗೆ ಬಂದರೂ ನಿಲ್ಲಲಿಲ್ಲ.

ಅದು ಎಳ್ಳಮವಾಸ್ಯೆಯ ಮರುದಿನ. ಮುಕ್ತಾರ ಕತ್ತರಿ ಮಸೆದುಕೊಂಡು ಮಲ್ಲಿಗೆ ಸಾಲಿಗೆ ಇಳಿದಿದ್ದ. ಹೂವು ಹರಿಯಲು ಬರುವ ದುರ್ಗವ್ವ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಿದ್ದಳು. ಬೋರಿನ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಅರ್ಜು ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಮುಕ್ತಾರಭಾಯಿ, ಈಗ ಚಾಟಣಿ ಮಾಡಬ್ಯಾಡ್ರಿ. ಚಳಿ ಇನ್ನೂ ಹೋಗಿಲ್ಲ. ಗಿಡ ಸಾಯ್ತಾವ" ಎಂದಳು.

ಅವಳ ದನಿ ಕೇಳಿ ಎಷ್ಟೋ ದಿನವಾಗಿದ್ದ ಮುಕ್ತಾರ ಕತ್ತರಿ ಹಿಡಿದುಕೊಂಡೇ ತಿರುಗಿದ.

"ಅಬಬಬಾ, ಮೂಗಿ ಮಾತಾಡ್ತು ನೋಡ್ರಿ!"

"ಮಾತಾಡೂದು ಆಡ್ತಿ, ಬಾಯಾಗ ಒಂದು ಚೊಲೋ ಮಾತು ಬರಬಾರದೇನವಾ?" ಎಂದಳು ದುರ್ಗವ್ವ. "ಹೊಲಕ್ಕ ಚರಗ ಚೆಲ್ಲಿ ಬಂದ ಕೈ ಇನ್ನೂ ಒಣಗಿಲ್ಲ, ಸಾಯ್ತಾವ ಅಂತ ಸಾಯ್ತಾವ."

ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಬದಿ, ಹಳ್ಳದ ತಗ್ಗಿನಲ್ಲಿದ್ದ ಆ ತೋಟ ಹುಸೇನಸಾಬರದು. ಮುಕ್ತಾರ ಅವರ ಮಗ. ಆ ಭಾಗದ ಹೂವಿನ ತೋಟಗಳಲ್ಲಿ ಗಿಡ ಯಾರದೇ ಇರಲಿ, ಕೊಂಬೆ ಸವರುವ ಚಾಟಣಿ ಮಾತ್ರ ಎಳ್ಳಮವಾಸ್ಯೆಯ ಮರುದಿನವೇ. ಹಬ್ಬದ ಅಡುಗೆಯನ್ನು ಹೊಲಕ್ಕೆ ಎರಚಿ ಚರಗ ಚೆಲ್ಲಿದ ಮೇಲೆ ಕೂಲಿಯವರು ಬಿಡುವಾಗುತ್ತಾರೆ. ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಗೊಬ್ಬರ ಕೊಟ್ಟು, ನೀರು ಬಿಟ್ಟರೆ ಮದುವೆ ಹಂಗಾಮಿಗೆ ಹೂವು ಕೈಗೆ ಬರುತ್ತದೆ. ಹುಸೇನಸಾಬರ ಅಪ್ಪನೂ ಹಾಗೆಯೇ ಮಾಡಿದ್ದ.

ಅರ್ಜು ಹುಸೇನಸಾಬರ ತಂಗಿಯ ಮಗಳು. ವಿಧವೆಯಾಗಿ ತವರಿಗೆ ಬಂದ ಅವಳ ತಾಯಿ ಬೇಲಿಯ ಬದಿಗೆ ಎಂಟು ಮಲ್ಲಿಗೆ ಗಿಡ ನೆಟ್ಟು, ಅವು ಎದೆಮಟ್ಟ ಆಗುವಷ್ಟರಲ್ಲಿ ತೀರಿಕೊಂಡಿದ್ದಳು. ಆಗ ಏಳನೇ ಇಯತ್ತೆಯಲ್ಲಿದ್ದ ಅರ್ಜು ಶಾಲೆ ಬಿಟ್ಟು ಮಾಮುವಿನ ಮನೆಯ ಒಲೆಯ ಮುಂದೆ ಕೂತಳು. ಈಗ ಅವಳಿಗೆ ಇಪ್ಪತ್ತು. ತಾಯಿ ಹೇಳಿದ್ದೊಂದು ಅವಳ ನೆನಪಿನಲ್ಲಿತ್ತು: ಮುಂಜಾನೆ ಬಾಯಿಯಿಂದ ಹೊಗೆ ಬರುವುದು ನಿಲ್ಲುವ ತನಕ ಗಿಡಕ್ಕೆ ಕತ್ತರಿ ಹಚ್ಚಬೇಡ. ಆ ವರ್ಷ ಹೊತ್ತು ಮಾರುದ್ದ ಏರಿದ ಮೇಲೂ ಬಾಯಿಯಿಂದ ಹೊಗೆ ಬರುತ್ತಿತ್ತು. ಇರುವೆಗಳು ಗೂಡಿನ ಬಾಯಿ ಮುಚ್ಚಿಕೊಂಡಿದ್ದವು. ಇದನ್ನೆಲ್ಲ ಅವಳು ನೋಡಿದ್ದಳು. ಆದರೆ ಅಷ್ಟೆಲ್ಲ ವಿವರಿಸಿ ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ಆಯ್ತು, ನಿಮ್ಮ ಅಮ್ಮಿ ನೆಟ್ಟ ಎಂಟು ಗಿಡ ಬಿಡ್ತೇನಿ" ಎಂದ ಮುಕ್ತಾರ. "ಯಾರು ಶಾಣ್ಯಾ ಅಂತ ನೋಡೂಣು."

ಆ ಎಂಟು ಬಿಟ್ಟು ಉಳಿದವೆಲ್ಲ ಸಂಜೆಯೊಳಗೆ ಮೊಂಡಾದವು.

ಹನ್ನೆರಡನೆಯ ದಿನಕ್ಕೆ ಕತ್ತರಿಸಿದ ಗಿಡಗಳೆಲ್ಲ ಅಕ್ಕಿಕಾಳಿನಷ್ಟು ಚಿಗುರಿದವು. ಮುಕ್ತಾರ ಅರ್ಜುವಿನ ಕಣ್ಣೆದುರಿಗೇ ಒಂದು ಚಿಗುರು ಕಿತ್ತು ಕಿವಿಗೆ ಸಿಕ್ಕಿಸಿಕೊಂಡು ಓಡಾಡಿದ. ಹದಿನಾಲ್ಕನೆಯ ಮುಂಜಾನೆ ಹಳ್ಳದ ತಗ್ಗಿಗೆ ಯಾರೂ ಕಂಡಿರದಂಥ ಚಳಿ ಇಳಿಯಿತು. ಹುಲ್ಲಿನ ಮೇಲಿನ ಇಬ್ಬನಿ ಉಪ್ಪಿನ ಪುಡಿಯಂತೆ ಬೆಳ್ಳಗೆ ನಿಂತಿತ್ತು. ಬಿಸಿಲು ಬಿದ್ದ ಮೇಲೆ ತೋಟ ತನ್ನ ನಿಜವಾದ ಗತಿ ತೋರಿಸಿತು. ಬಾಳೆ ಎಲೆಗಳು ಕುದಿಯುವ ನೀರು ಸುರಿದಂತೆ ಬೆಂದು ಜೋತುಬಿದ್ದಿದ್ದವು. ಪಪ್ಪಾಯಿಯ ತಲೆ ಕೊಳೆತಂತಾಗಿತ್ತು. ಕರಿಬೇವು ಒಂದೇ ದಿನದಲ್ಲಿ ಎಲೆ ಉದುರಿಸಿ ಬೋಳಾಯಿತು. ಮಲ್ಲಿಗೆಯ ಚಿಗುರು ಒಂದೂ ಉಳಿಯದೆ ಕರ್ರಗಾಗಿತ್ತು. ಬೇಲಿಯ ಎಂಟು ಗಿಡಗಳ ಎಲೆಗಳೂ ಸುಟ್ಟು ಮುದುಡಿ ಕೊಂಬೆಗೇ ಅಂಟಿಕೊಂಡಿದ್ದವು.

ಹುಸೇನಸಾಬರ ಹೆಂಡತಿ, ಅರ್ಜುವಿನ ಮುಮಾನಿ ದೌಲತಬಿ ತೋಟದ ನಡುವೆ ನಿಂತು ಎದೆ ಬಡಿದುಕೊಂಡಳು.

"ತೋಬಾ ತೋಬಾ! ಸಾಯ್ತಾವ ಅಂದ್ಲು, ಸತ್ತುವು! ಅನ್ನ ಹಾಕಿದ ಮನಿಗೇ ಅಂದ್ಲಲ್ಲೋ!"

"ನನಗ ಅವತ್ತ ತಿಳೀತ್ರಿ, ದೌಲತಬಿ ಅಕ್ಕಾ" ಎಂದಳು ದುರ್ಗವ್ವ. "ವರ್ಷಾನುಗಟ್ಟಲೆ ಮುಚ್ಚಿದ ಬಾಯಿ ಅದು. ಬಿಚ್ಚಿದ ಕೂಡಲೇ ಹತ್ತೂದು. ಕರಿನಾಲಿಗಿ ಇರಬೇಕು, ನೋಡ್ರಿ ಒಂದ್ ಸಲ."

ದೌಲತಬಿ ನೋಡಿಯೇ ಬಿಟ್ಟಳು. ಅರ್ಜುವಿನ ದವಡೆ ಹಿಡಿದು, ಬಿಸಿಲಿಗೆ ತಿರುಗಿಸಿ, "ತಗಿ ನಾಲಿಗಿ" ಎಂದಳು. ದುರ್ಗವ್ವ ಬಗ್ಗಿ ನೋಡಿದಳು. ರೊಟ್ಟಿ ತಿನ್ನುವಾಗ ಕಚ್ಚಿಕೊಂಡು ರಕ್ತ ಹೆಪ್ಪುಗಟ್ಟಿದ ಒಂದು ಚುಕ್ಕೆ ನಾಲಿಗೆಯ ಅಂಚಿನಲ್ಲಿತ್ತು.

"ಐತಿ! ಐತ್ರಿ! ಎಳ್ಳಿನಷ್ಟ ಐತಿ!"

ಎರಡೇ ದಿನದಲ್ಲಿ ಆ ಎಳ್ಳು ಊರ ತುಂಬ ಬೆಳೆಯಿತು. ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ಅವಳನ್ನು ಕಂಡರೆ ಮಕ್ಕಳನ್ನು ಹಿಂದಕ್ಕೆಳೆದುಕೊಂಡರು. ಇಳಕಲ್ಲಿನ ಬಸ್ಸಿಗೆ ಕಾಯುವ ಚಹಾದಂಗಡಿಯಲ್ಲಿ ಗಂಡಸರು, "ಹೊಂಟಾಳ ನೋಡಲೇ, ನಮಸ್ಕಾರ ಮಾಡು, ಇಲ್ಲಂದ್ರ ಏನರ ಅಂದಾಳು" ಎಂದು ಒಬ್ಬರನ್ನೊಬ್ಬರು ತಿವಿದರು. ಚುಕ್ಕೆ ಮಾಯ್ದು ಹೋಗಿ ನಾಲಿಗೆ ಎಂದಿನಂತೆ ಕೆಂಪಾದದ್ದನ್ನು ಅರ್ಜು ಕನ್ನಡಿಯಲ್ಲಿ ನೋಡಿಕೊಂಡಳು. ಮತ್ತೆ ಯಾರೂ ನೋಡಲಿಲ್ಲ.

ಮುಕ್ತಾರ ಸೋಲೊಪ್ಪುವವನಲ್ಲ. ಮತ್ತೆ ಯೂರಿಯಾ ಚೆಲ್ಲಿದ, ದಿನವೂ ಸಂಜೆ ನೀರು ಬಿಟ್ಟ. ಗಿಡಗಳು ಪಾಪ ಒದ್ದಾಡಿ ಎರಡನೆಯ ಸಲ ಚಿಗುರಿದವು. ಎರಡನೆಯ ಸಲ ಚಳಿ ಬಂದು ಅವನ್ನೂ ತಿಂದಿತು. ಅರ್ಜು ಈ ಸಲ ಬಾಯಿ ಬಿಡಲಿಲ್ಲ. ಬೇಲಿಯ ಎಂಟು ಗಿಡಗಳ ಸುಟ್ಟ ಎಲೆಗಳನ್ನು ಅವಳು ಮುಟ್ಟಲೂ ಇಲ್ಲ. ಸತ್ತ ಎಲೆಗಳೇ ಒಳಗಿನ ಕಡ್ಡಿಗೆ ಹೊದಿಕೆಯಾಗಿದ್ದವು. ಬುಡಕ್ಕೆ ಒಣಗಿದ ಬಾಳೆ ಎಲೆ ತಂದು ಹಾಸಿದಳು.

"ಹೆಣಕ್ಕ ಹಾಸಿಗಿ ಹಾಕಾಕತ್ತಾಳ" ಎಂದಳು ಮುಮಾನಿ.

ಶಿವರಾತ್ರಿಯ ಹೊತ್ತಿಗೆ ಬಾಯಿಯ ಹೊಗೆ ಕಡಿಮೆಯಾಯಿತು. ಆ ದಿನಗಳಲ್ಲೇ ಮುಕ್ತಾರ ಮನೆಗೆ ಒಂದು ಸುದ್ದಿ ತಂದ. ಇಳಕಲ್ಲಿನ ಗ್ರಾನೈಟ್ ವ್ಯಾಪಾರಿಯೊಬ್ಬ ಕಲ್ಲು ಒಟ್ಟಲು ರಸ್ತೆ ಬದಿಯ ಜಾಗ ಹುಡುಕುತ್ತಿದ್ದಾನೆ. ಗುರುವಾರ ಜೆಸಿಬಿ ಬಂದು ತೋಟವನ್ನು ಬುಡಸಮೇತ ಕೀಳುತ್ತದೆ.

"ಅಲ್ಲಪಾ, ಬುಡ ಸತ್ತಾವೋ ಇಲ್ಲೋ..." ಎಂದು ಹುಸೇನಸಾಬರು ರಾಗ ಎಳೆದರು.

"ಅಬ್ಬಾ, ಒಲಿಗೆ ಹಾಕಿದ್ರ ಉರೀತಾವ. ಇನ್ನೇನು ಸಾಯಬೇಕು?" ಎಂದ ಮುಕ್ತಾರ ಅಪ್ಪನಿಗೆ.

ಆ ಮಧ್ಯಾಹ್ನ ಅರ್ಜು ಸಾಲುಸಾಲಾಗಿ ಕೂತು ಹೆಬ್ಬೆರಳಿನ ಉಗುರಿನಿಂದ ತೊಗಟೆ ಕೆರೆದು ನೋಡಿದಳು. ಬೇಲಿಯ ಗಿಡಗಳಲ್ಲಿ ತುದಿ ಕಂದು, ನಡುವೆ ಕಂದು, ಬುಡದಿಂದ ಒಂದು ಗೇಣಿನವರೆಗೆ ಹಸಿರು. ಕತ್ತರಿಸಿದ ಗಿಡಗಳಲ್ಲಿ ಮೇಲೆ ಎಲ್ಲಿಯೂ ಹಸಿರಿಲ್ಲ. ಆದರೆ ಬುಡದ ಮಣ್ಣು ಎರಡು ಬೆರಳು ಸರಿಸಿ ಕೆರೆದರೆ ಹೆಚ್ಚಿನವುಗಳಲ್ಲಿ ದಾರದಷ್ಟು ಹಸಿರು ಇಣುಕುತ್ತಿತ್ತು. ಜೀವ ಇತ್ತು. ಇದನ್ನು ಹೇಳುವುದು ಹೇಗೆ? 'ಬದುಕ್ತಾವ' ಎಂದರೆ, ಆ ಬಾಯಿಂದ ಬಂತೆಂದು ಮುಮಾನಿ ಅದಕ್ಕೂ ಹೆದರಿಯಾಳು.

ಅವಳು ಮಾಮುವಿನ ಕೈ ಹಿಡಿದು ಬೇಲಿಯ ತನಕ ಕರೆದುಕೊಂಡು ಹೋದಳು. ಅವರ ಕಣ್ಣೆದುರೇ ತೊಗಟೆ ಕೆರೆದಳು. ಹುಸೇನಸಾಬರು ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಏನೂ ಕಾಣವಲ್ದವಾ ನನಗ" ಎಂದರು. "ಮುಕ್ತಾರನ ಮುಂದ ಹೇಳು, ಹೋಗು."

ಅವರಿಗೆ ಮಗನ ಹೆದರಿಕೆ ಇತ್ತು. ಅದು ಅರ್ಜುವಿಗೆ ಮೊದಲಿನಿಂದಲೂ ಗೊತ್ತಿತ್ತು.

ಗುರುವಾರ ಎಂಟು ಗಂಟೆಗೆ ಜೆಸಿಬಿ ಬಂತು. ಅದನ್ನು ನಡೆಸುವ ಯಮನೂರಪ್ಪ ಪಕ್ಕದ ಊರಿನವನು; ದೊಡ್ಡ ಮೀಸೆ, ಕೊರಳಲ್ಲಿ ಎರಡು ತಾಯಿತ. ದಾರಿ ಬೇಲಿಯ ಕಡೆಯಿಂದ ಇದ್ದದ್ದರಿಂದ ಮೊದಲು ಎದುರಾದದ್ದೇ ಆ ಎಂಟು ಗಿಡ. ಮುಕ್ತಾರ ಬದುವಿನ ಮೇಲೆ ನಿಂತು ಕೈ ತೋರಿಸುತ್ತಿದ್ದ. ಒಣಗಿದ ಕಟ್ಟಿಗೆ ಒಯ್ಯಲು ದುರ್ಗವ್ವ ಹಗ್ಗ ಹಿಡಿದು ಬಂದಿದ್ದಳು.

"ಇಲ್ಲಿಂದ ಹಿಡೀರಿ, ಯಮನೂರಪ್ಪ. ಇವು ನಮ್ಮ ಪಂಡಿತರ ಗಿಡ. ಇವ ಮೊದಲು ಹೋಗ್ಲಿ."

ಯಂತ್ರದ ಬಕೆಟ್ಟು ಮೇಲೇರಿತು. ಅರ್ಜು ಹೋಗಿ ಗಿಡಗಳ ಮುಂದೆ ನಿಂತಳು.

"ಏ ಸರಿ! ಸರೀ ಅಂದ್ನಿ!" ಮುಕ್ತಾರ ಕೂಗಿದ. "ಅಮ್ಮೀ, ಈಕಿನ್ನ ಎಳಕೊಂಡ್ ಹೋಗಬೇ!"

ಅಂಗಳದಲ್ಲಿದ್ದ ದೌಲತಬಿ ಓಡಿಬಂದಳು. ಅಷ್ಟರಲ್ಲಿ ಅರ್ಜು ಯಂತ್ರದ ಬಾಗಿಲ ಹತ್ತಿರ ಹೋಗಿ ತಲೆಯೆತ್ತಿದಳು. ಬೇಡಿಕೊಳ್ಳಬೇಕು ಎಂದುಕೊಂಡೇ ಹೋಗಿದ್ದಳು. ಒಂದು ತಿಂಗಳು ಬಿಡಿ ಅಣ್ಣಾ, ಬುಡದಲ್ಲಿ ಹಸಿರಿದೆ ಎಂದು ಹೇಳಬೇಕೆಂದಿದ್ದಳು.

"ಯಮನೂರಪ್ಪಣ್ಣಾ, ನಿಮಗ ಒಂದ್ ಮಾತು ಹೇಳ್ಲೇನ್ರಿ?"

ಯಮನೂರಪ್ಪನ ಕೈ ಕೊರಳಿನ ತಾಯಿತಕ್ಕೆ ಹೋಯಿತು.

"ಮುಕ್ತಾರಸಾಬ್ರ, ಈಕಿ ಆ ಹುಡುಗೀನ ಏನ್ರಿ? ಚಹಾದಂಗಡ್ಯಾಗ ಹೇಳ್ತಿದ್ರಲ್ಲ, ಆಕಿ?"

"ನೀವ್ ನಿಮ್ಮ ಕೆಲಸಾ ಮಾಡ್ರಿ!"

"ಎಲ್ಲೀ ಕೆಲಸ್ರೀ! ಬ್ಯಾಡವಾ ತಂಗೀ, ಏನೂ ಹೇಳಬ್ಯಾಡ ನೀ. ಮೊನ್ನೆ ಹೊಸಾ ಟಾಯರ ಹಾಕ್ಸೇನಿ. ಮನ್ಯಾಗ ಹೆಂಡ್ತಿ ಬಸುರದಾಳ."

ಅರ್ಜು ಅವನ ಮುಖವನ್ನೇ ನೋಡುತ್ತ ನಿಂತಳು. ಇಷ್ಟು ದಿನ ತನ್ನ ಬೆನ್ನಿಗೆ ಬಿದ್ದ ಕಲ್ಲು ಈಗ ತನ್ನ ಕೈಯಲ್ಲೇ ಇದೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಬೇಡಿಕೊಳ್ಳುವುದು ಬೇಕಾಗಲಿಲ್ಲ. ಅವಳು ನಿಧಾನವಾಗಿ ಬಾಯಿ ತೆರೆದಳು, ಅಷ್ಟೇ.

"ಬ್ಯಾಡಾ ಅಂದ್ನೆಲ್ಲಾ!" ಯಮನೂರಪ್ಪ ಗೇರು ಹಿಂದಕ್ಕೆ ಹಾಕಿದ. ಯಂತ್ರ ಬೇಲಿಯ ಗೂಟವೊಂದನ್ನು ಮುರಿದುಕೊಂಡೇ ರಸ್ತೆಗೆ ಏರಿತು. ದುರ್ಗವ್ವ ಹಗ್ಗ ಅಲ್ಲೇ ಬಿಟ್ಟು ಅದರ ಹಿಂದೆಯೇ ನಡೆದಳು.

ಮುಕ್ತಾರ ಬದುವಿನಿಂದ ಜಿಗಿದು ಬಂದು ಕೈ ಎತ್ತಿದ. ಅರ್ಜು ಹಿಂದೆ ಸರಿಯದೆ ಮುಖವನ್ನು ಅವನ ಕಡೆಗೆ ತಿರುಗಿಸಿದಳು. ಕೈ ಮೇಲೆಯೇ ನಿಂತಿತು.

"ಮುಕ್ತಾರ, ಬ್ಯಾಡೋ!" ದೌಲತಬಿ ಮಗನ ತೋಳಿಗೆ ಜೋತುಬಿದ್ದಳು. "ಏನರ ಅಂದಬಿಟ್ಟಾಳು!"

"ರೋಜಾ ಮುಗಿಯೂತನಕ ಬಿಡ್ರಿ" ಎಂದಳು ಅರ್ಜು. "ಆಮ್ಯಾಲ ನೋಡ್ರಿ."

ತೋಟದ ಬಗ್ಗೆ ಅದು ಅವಳ ಎರಡನೆಯ ಮಾತು.

ರಂಜಾನಿನ ರೋಜಾ ತಿಂಗಳು ಪೂರ್ತಿ ಆ ಮನೆಯಲ್ಲಿ ಅವಳೊಂದಿಗೆ ಯಾರೂ ಮಾತಾಡಲಿಲ್ಲ. ಇಫ್ತಾರಿಗೆ ಅವಳ ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟರು. ಮುಕ್ತಾರ ಸಿಟ್ಟಿನಿಂದ ತೋಟಕ್ಕೆ ಬರುವುದನ್ನೇ ಬಿಟ್ಟ. ಯೂರಿಯಾ ಇಲ್ಲ, ಸಂಜೆಯ ನೀರಿಲ್ಲ. ಗಿಡಗಳಿಗೆ ಆಗಬೇಕಾಗಿದ್ದದ್ದೂ ಅಷ್ಟೇ. ನೆಲ ಕಾದ ಮೇಲೆ, ಮೂರು ದಿನಕ್ಕೊಮ್ಮೆ ಅರ್ಜು ತೆಳ್ಳಗೆ ನೀರು ಬಿಟ್ಟಳು.

ಮೊದಲು ಎದ್ದದ್ದು ಬಾಳೆ. ಕೊಳೆತ ಎಲೆಗಳ ನಡುವಿನಿಂದ ಸುರುಳಿ ಸುತ್ತಿದ ಹೊಸ ಎಲೆ ಮೇಲೆ ಬಂತು. ತಲೆ ಕೊಳೆತ ಪಪ್ಪಾಯಿ ಪಕ್ಕೆಯಲ್ಲಿ ಕವಲೊಡೆಯಿತು. ಕರಿಬೇವು ಬೇರಿನಿಂದಲೇ ಮರಿ ಹಾಕಿತು. ಮಲ್ಲಿಗೆ ಮಾತ್ರ ಬಹಳ ದಿನ ಸತ್ತಂತೆಯೇ ನಿಂತಿತ್ತು. ಹದಿನೆಂಟನೆಯ ರೋಜಾದ ಮಧ್ಯಾಹ್ನ ಬೇಲಿಯ ಮೂರನೆಯ ಗಿಡದ ಬುಡದಲ್ಲಿ ತಾಮ್ರದ ಬಣ್ಣದ ಒಂದು ಚಿಗುರು ಕಂಡಿತು. ವಾರದಲ್ಲಿ ಎಂಟೂ ಗಿಡಗಳು ಗೇಣೆತ್ತರದಿಂದ ಒಡೆದವು. ಎಲ್ಲಿಯವರೆಗೆ ಸತ್ತಿದೆ, ಎಲ್ಲಿಂದ ಜೀವ ಇದೆ ಎಂಬ ಗೆರೆ ತಾನಾಗಿಯೇ ಸ್ಪಷ್ಟವಾಯಿತು. ಆಗ ಅರ್ಜು ಕತ್ತರಿ ತೆಗೆದುಕೊಂಡು, ಒಣಗಿದ್ದನ್ನು ಮಾತ್ರ ಕತ್ತರಿಸಿದಳು.

ಕತ್ತರಿಸಿದ್ದ ಗಿಡಗಳೂ ಮಣ್ಣಿನೊಳಗಿಂದ ತಡವಾಗಿ ಇಣುಕಿದವು. ಆದರೆ ಎಲ್ಲವೂ ಅಲ್ಲ. ನಡುವಿನ ಎರಡು ಸಾಲು ಎರಡು ಸಲ ಚಿಗುರಿ ಸತ್ತ ಆಯಾಸಕ್ಕೆ ಮತ್ತೆ ಏಳಲಿಲ್ಲ.

ಹಬ್ಬದ ಮರುದಿನ ಮುಕ್ತಾರ ತೋಟಕ್ಕೆ ಬಂದ. ಸಾಲುಸಾಲಾಗಿ ತಿರುಗಿದ. ಇಳಕಲ್ಲಿಗೆ ಫೋನು ಮಾಡಿ, "ಇಲ್ರಿ, ಬ್ಯಾರೆ ಕಡೆ ನೋಡ್ಕೋರಿ" ಎಂದ. ಆಮೇಲೆ ಚಹಾದಂಗಡಿಯಲ್ಲಿ ಕೂತು, "ಎಳ್ಳಮವಾಸಿಗೆ ಚಾಟಣಿ ಮಾಡಿದ್ದಕ್ಕ ಬುಡದಿಂದ ಹಿಂಗ ಒಡದಾವ. ಇಲ್ಲಂದ್ರ ಎಲ್ಲಿ ಉಳೀತಿದ್ದುವು?" ಎಂದು ಎಲ್ಲರಿಗೂ ಹೇಳಿದ. ಅರ್ಜುವಿನ ಮುಖ ಮಾತ್ರ ನೋಡಲಿಲ್ಲ. ತಪ್ಪಾಯಿತು ಎಂದು ಆ ಮನೆಯಲ್ಲಿ ಯಾರೂ ಅನ್ನಲಿಲ್ಲ. ಅರ್ಜುವೂ ಅದನ್ನು ಕಾಯಲಿಲ್ಲ.

ಬಿಸಿಲು ಏರಿದ ಮೇಲೆ ಬೇಲಿಯ ಎಂಟು ಗಿಡಗಳಲ್ಲಿ ಮೊದಲ ಮೊಗ್ಗು ಬಂದವು. ಬೆಳಗಿನ ತಂಪಿನಲ್ಲಿ ಅರ್ಜು ಒದ್ದೆ ಬಟ್ಟೆ ಹಾಸಿದ ಬುಟ್ಟಿ ಇಟ್ಟುಕೊಂಡು ಹರಿಯುತ್ತಿದ್ದಳು. ದುರ್ಗವ್ವ ತಾನು ಬಿಟ್ಟುಹೋದ ಹಗ್ಗ ಕೇಳುವ ನೆವದಿಂದ ಬಂದು, ಮುಮಾನಿಯ ಬೆನ್ನ ಹಿಂದೆಯೇ ನಿಂತಳು.

"ಕೇಳ್ರಿ ಅಕ್ಕಾ, ಕೇಳ್ರಿ" ಎಂದು ಪಿಸುಗುಟ್ಟಿದಳು.

ದೌಲತಬಿ ಕೆಮ್ಮಿದಳು.

"ಅರ್ಜು... ಆ ನಡುವಿನ ಎರಡು ಸಾಲು ಹಂಗ ನಿಂತಾವಲ್ಲ. ಅವಕ್ಕ ಒಂದ್ ಚೊಲೋ ಮಾತು ಹೇಳಬಾರದ? ಚಿಗೀತಾವ ಅಂತ ಒಂದ್ ಸಲ ಅನ್ನು. ಅಂದ್ರೇನು ಹೋಗ್ತದ ನಿಂದು?"

ಅರ್ಜು ಮೊಗ್ಗು ಹರಿಯುವುದನ್ನು ನಿಲ್ಲಿಸಿ ತಿರುಗಿದಳು. ನಡುವಿನ ಸಾಲುಗಳನ್ನು ಅವಳು ಮೊನ್ನೆಯೇ ಕೆರೆದು ನೋಡಿದ್ದಳು, ಮಣ್ಣೊಳಗೂ ಕಂದು. ಅವು ಏಳುವುದಿಲ್ಲ. ಮುಮಾನಿಯ ಮುಖವನ್ನು, ಅವಳ ಹಿಂದೆ ಸೆರಗು ಕಚ್ಚಿಕೊಂಡು ನಿಂತ ದುರ್ಗವ್ವನ ಮುಖವನ್ನು ಅವಳು ಸಾವಕಾಶವಾಗಿ ನೋಡಿದಳು. ತುಟಿ ತೆರೆಯುತ್ತಿದ್ದಂತೆ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

ಅವಳು ಬಾಯಿ ಮುಚ್ಚಿಕೊಂಡಳು. ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ನಾಲ್ಕನೆಯ ಗಿಡಕ್ಕೆ ಹೋದಳು.