ಗುಬ್ಬಿಯ ಮಾತ್ರೆ

"ಮಾತ್ರೆ ತಿನ್ನಿಸಿ ಮಗೂನ ಮಂಕು ಮಾಡಬೇಡ. ಹಗಲುಗನಸು ಕಾಣೋ ಮಕ್ಕಳಿಗೆಲ್ಲ ಔಷಧಿ ಕೊಟ್ರೆ ಊರೇ ಆಸ್ಪತ್ರೆ ಆದೀತು," ಅಂದಳು ನಾದಿನಿ, ಹೊಲಿಗೆ ಯಂತ್ರ ನಿಲ್ಲಿಸದೆ.

"ಕನಸಲ್ಲ ಅಕ್ಕಾ, ಅದೂ ಮೂರ್ಛೆರೋಗದ್ದೇ ಒಂದು ಸಣ್ಣ ಬಗೆ. ಡಾಕ್ಟರ್ ಹೇಳಿದ್ದು ನಿಮ್ಮ ಕಿವಿಗೆ ಬೀಳಲಿಲ್ವಾ?" ಅಂದಳು ಗುಬ್ಬಿಯ ತಾಯಿ.

"ಬಿತ್ತಮ್ಮ, ಬಿತ್ತು. ಮಾತ್ರೆ ಕೊಟ್ರೂ ಸರಿ, ಕಾದು ನೋಡಿದ್ರೂ ಸರಿ ಅಂದ್ರು. ಅಷ್ಟು ಹೇಳೋಕೆ ಡಾಕ್ಟರೇ ಬೇಕಿತ್ತಾ? ನಮ್ಮ ಬೆಕ್ಕೂ ಹೇಳ್ತಿತ್ತು."

'ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನಿಸಿ' ಅಂತ ಮಾತ್ರೆ ಬರೆದುಕೊಟ್ಟು ಕಳಿಸಿದ್ದರು ಆ ಪುಣ್ಯಾತ್ಮರು. ಈ ಮನೆಯ ಸಂಗತಿ ಅವರಿಗೇನು ಗೊತ್ತು, ಪಾಪ! ಇಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ರವಿಕೆಯ ತೋಳು ಗಿಡ್ಡವಿರಲಿ ಅಂತ ನಾದಿನಿ ಅಂದಳೆಂಬ ಒಂದೇ ಕಾರಣಕ್ಕೆ, ಗಿರಾಕಿಯನ್ನೂ ಕೇಳದೆ ತಾಯಿ ಉದ್ದ ತೋಳು ಹೊಲಿದದ್ದುಂಟು. ಗಂಡನೋ, ಅಕ್ಕ ಮತ್ತು ಹೆಂಡತಿ ಶುರು ಮಾಡಿದ ಕೂಡಲೇ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡುಬಿಡುತ್ತಿದ್ದ. ಬಾಯ್ತುಂಬ ಸೂಜಿ ಇಟ್ಟುಕೊಂಡವನನ್ನು ಯಾರು ತಾನೇ ಮಾತಾಡು ಅಂದಾರು?

ಗುಬ್ಬಿ ಅತ್ತೆಯ ಯಂತ್ರದ ಹಿಂದೆ ನಿಂತು, ಹೊಲಿದು ಬಂದ ಪರದೆ ಬಟ್ಟೆಯನ್ನು ಎಳೆದುಕೊಳ್ಳುತ್ತಿದ್ದಳು. ಇದ್ದಕ್ಕಿದ್ದಂತೆ ಅವಳು ನಿಂತುಹೋದಳು. ಕಣ್ಣು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ರೆಪ್ಪೆ ಪಟಪಟ ಅಂದಿತು. ಕೈ ಜಾರಿ ಸೂಜಿಯ ಬುಡಕ್ಕೇ ಬಂತು.

ನಾದಿನಿ ಚಕ್ರವನ್ನು ಅಂಗೈಯಿಂದ ಒತ್ತಿ ಹಿಡಿದಳು. ಸೂಜಿ ಗುಬ್ಬಿಯ ಉಗುರಿನ ಪಕ್ಕದಲ್ಲೇ ಗಕ್ಕನೆ ನಿಂತಿತು.

ಗುಬ್ಬಿ ಮರಳಿ ಬಂದವಳೇ, ಏನೂ ಆಗಿಲ್ಲವೆಂಬಂತೆ ಬಟ್ಟೆ ಎಳೆದಳು.

ನಾದಿನಿಯ ಮುಖ ಬಿಳಿಚಿಹೋಗಿತ್ತು. "ತಗೊಂಡು ಬಾ ಆ ಮಾತ್ರೆ. ಈಗಲೇ ಕೊಡು!"

ಇಷ್ಟು ದಿನ ಮಾತ್ರೆಗಾಗಿಯೇ ಗಂಟಲು ಹರಿದುಕೊಂಡಿದ್ದ ತಾಯಿಗೆ, ಆ ಅಪ್ಪಣೆ ಕಿವಿಗೆ ಬಿದ್ದದ್ದೇ ಮೈಯೆಲ್ಲ ಉರಿದುಹೋಯಿತು. "ಕೊಡಲ್ಲ. ಕಾದು ನೋಡ್ತೀನಿ. ನನ್ನ ಮಗಳು, ನನ್ನಿಷ್ಟ."

"ಹೆತ್ತವಳೋ, ಹಗೆಯೋ ನೀನು?"

"ಮಗೂನ ಸೂಜಿ ಹತ್ರ ನಿಲ್ಲಿಸಿಕೊಂಡೋರು ಯಾರು? ನಾನಾ?"

"ಅಮ್ಮಾ," ಗುಬ್ಬಿ ಇಬ್ಬರನ್ನೂ ಮಿಕಿಮಿಕಿ ನೋಡಿದಳು. "ಅತ್ತೆ ಬೇಡ ಅಂತಿದ್ರು, ನೀನು ಕೊಡ್ತೀನಿ ಅಂತಿದ್ದೆ. ಈಗ ಉಲ್ಟಾ ಆಗಿದೆ. ನಡುವೆ ನಂಗೆ ಎಷ್ಟು ಮಾತು ಕೇಳಿಸಲಿಲ್ಲ?"

ತಾಯಿ ಅವಳನ್ನು ಯಂತ್ರದಿಂದ ಈಚೆಗೆ ಎಳೆದುಕೊಂಡಳು.

"ಶಾಲೇಲೂ ಹಿಂಗೇ ಅಮ್ಮಾ. ಟೀಚರ್ ಕೂಡಿಸೋದು ಹೇಳ್ಕೊಡ್ತಿರ್ತಾರೆ, ನೋಡಿದ್ರೆ ಬೋರ್ಡ್ ಮೇಲೆ ಕಳೆಯೋದು. ಕೇಳಿದ್ರೆ ಎಲ್ಲಾರೂ ನಗ್ತಾರೆ."

ತಾಯಿ ಎದ್ದು ಹೋಗಿ ಕಪಾಟಿನಿಂದ ಮಾತ್ರೆ ತಂದಳು. ಡಾಕ್ಟರ್ ಹೇಳಿದ್ದಂತೆ ಅರ್ಧಕ್ಕೆ ಮುರಿದಳು.

"ಓಹೋ! ಕೊನೆಗೂ ಮಹಾರಾಣಿಯವರು ನನ್ನ ಮಾತು ಕೇಳಿದ್ರಲ್ಲ!"

ತಾಯಿಯ ನಾಲಿಗೆಯ ತುದಿಗೆ ಎಷ್ಟೋ ಮಾತು ಬಂದವು. ಎಲ್ಲವೂ ಚೂಪಾದವೇ.

"ಹೂಂ ಅಕ್ಕಾ. ನೀವು ಹೇಳಿದ್ದಕ್ಕೇ," ಅಂದಳು, ಹಲ್ಲು ಕಚ್ಚಿಕೊಂಡು.

ಗುಬ್ಬಿ ಮಾತ್ರೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು. ಗಟಗಟ ನೀರು ಕುಡಿದು, ನುಂಗಿದ್ದಕ್ಕೆ ಸಾಕ್ಷಿಯಾಗಿ ನಾಲಿಗೆಯನ್ನು ಉದ್ದಕ್ಕೆ ಹೊರಚಾಚಿ, ಮೊದಲು ಅಮ್ಮನಿಗೆ, ಆಮೇಲೆ ಅತ್ತೆಗೆ ತೋರಿಸಿದಳು.