ಬೀಗದವನ ಅನುಮಾನ

ನಮ್ಮ ಬೀದಿಯಲ್ಲಿ ಯಾರ ಮನೆಯ ಜಗಳವನ್ನು ಬೇಕಾದರೂ ಬಾಯಿತುಂಬ ಆಡಿಕೊಳ್ಳುತ್ತಾರೆ. ಸಾವಿನ ಮಾತು ಬಂತೋ, "ಬಿಡ್ತು ಅನ್ನು" ಎಂದು ಬಾಯಿ ಮುಚ್ಚಿಸುತ್ತಾರೆ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ನಲವತ್ತು ವರ್ಷ ಜೊತೆಗಿದ್ದ ನನ್ನ ಯಜಮಾನರು ಒಂದು ದಿನವೂ ಆ ಮಾತು ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿದ ಮೇಲೆ ಎತ್ತಲು ಆಗಲೂ ಇಲ್ಲ. ಮುಂದೇನು ಮಾಡೋಣ ಎಂದು ಡಾಕ್ಟರು ಕೇಳಿದಾಗ ಮಗ ಒಂದು ಹೇಳಿದ, ಮಗಳು ಇನ್ನೊಂದು ಹೇಳಿದಳು. ಯಜಮಾನರು ಏನು ಬಯಸಿದ್ದರೋ ನನಗೂ ಗೊತ್ತಿರಲಿಲ್ಲ. ಹನ್ನೊಂದು ದಿನ ಹಾಗೇ ಕಳೆದು, ಕೊಳವೆ ಹಾಕಿದ್ದಂತೆಯೇ ತೀರಿಕೊಂಡರು. ದೇವರ ಮುಂದೆ ಕೂತರೆ ಈಗಲೂ ಆ ಹನ್ನೊಂದು ದಿನವೇ ಕಣ್ಣಿಗೆ ಬರುತ್ತದೆ.

ಆಮೇಲೆ ನಾನು ವಾಚನಾಲಯದ ಹಿಂದಿನ ಕೋಣೆಯಲ್ಲಿ ವಾರಕ್ಕೊಮ್ಮೆ ಸೇರುವ ಸಭೆಗೆ ಹೋಗತೊಡಗಿದೆ. ಕೆಲಸದಿಂದ ನಿವೃತ್ತರಾದ ನರ್ಸಮ್ಮ ಒಬ್ಬರು ಅದನ್ನು ನಡೆಸುತ್ತಾರೆ. ಸಾವಿನ ಬಗ್ಗೆ, ಕೊನೆಗಾಲದ ಬಗ್ಗೆ ಮನಸ್ಸಿನಲ್ಲಿರುವುದನ್ನು ಅಲ್ಲಿ ಮಾತಾಡಬಹುದು. ಈ ಸುದ್ದಿ ನನ್ನ ತಮ್ಮನ ಕಿವಿಗೆ ಬಿತ್ತು.

ತಮ್ಮ ಬೀಗ ರಿಪೇರಿ ಮಾಡುವವನು. ಯಾರಾದರೂ ತೀರಿಕೊಂಡ ಮನೆಯಲ್ಲಿ ಬೀರುವಿನ ಕೀ ಸಿಗದಿದ್ದರೆ ಇವನನ್ನೇ ಕರೆಸುತ್ತಾರೆ. ಹೆಣ ಎತ್ತುವ ಮೊದಲೇ ಬೀರು ತೆಗೆಸಿದವರನ್ನೂ ಕಂಡಿದ್ದಾನೆ. ಹಾಗಾಗಿ ಅವನ ಕಣ್ಣಿಗೆ ಯಾರೂ ಸಾಚಾ ಅಲ್ಲ. ನಾನು ಅವನ ಮನೆಗೆ ಹೋದಾಗ ಶುರು ಮಾಡಿದ.

"ಅಕ್ಕಾ, ವಯಸ್ಸಾದವರನ್ನ, ಕಾಯಿಲೆಯವರನ್ನ ಕೂರಿಸ್ಕೊಂಡು ಸಾವಿನ ಮಾತಾಡ್ತಾರೆ ಅಂದ್ರೆ ಸುಮ್ನೆ ಆಡ್ತಾರಾ? ಇವತ್ತು ಮಾತು, ನಾಳೆ ಹೆಬ್ಬೆಟ್ಟು."

"ನಾಲ್ಕು ತಿಂಗಳಿಂದ ಹೋಗ್ತಿದ್ದೀನಿ ಕಣೋ. ನನ್ನ ಹೆಬ್ಬೆಟ್ಟು ನನ್ನ ಹತ್ರಾನೇ ಇದೆ."

"ನಿನಗೆ ಗೊತ್ತಾಗದ ಹಾಗೆ ಮಾಡ್ತಾರೆ. ಅದೇ ಅವರ ಕೈಚಳಕ."

ಅವನ ಹೆಂಡತಿ ಬಾಗಿಲ ಬಳಿ ಕೂತು ಏದುಸಿರು ಬಿಡುತ್ತಿದ್ದಳು. ಅವಳ ಶ್ವಾಸಕೋಶ ಹಾಳಾಗಿದೆ. ಇನ್ನೊಮ್ಮೆ ಉಸಿರು ಕಟ್ಟಿದರೆ ಉಸಿರಾಟದ ಯಂತ್ರಕ್ಕೆ ಹಾಕಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದರು. ಹಾಕಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

"ನಾನೂ ಒಂದು ಸಲ ಹೋಗಿ ಬರ್ತೀನಿ ರೀ" ಎಂದಳು.

"ಬಿಡ್ತು ಅನ್ನು. ನಿನಗೇನಾಗಿದೆ ಅಲ್ಲಿಗೆ ಹೋಗೋಕೆ?"

"ಏನಾಗಿದೆ ಅಂತ ನಿಮಗೆ ಗೊತ್ತಿಲ್ವಾ?"

ತಮ್ಮ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಟ. ಮೂರು ದಿನ ಬಿಟ್ಟು, "ಹೋಗೋದಾದ್ರೆ ನಾನೂ ಬರ್ತೀನಿ. ಅವರ ಬಣ್ಣ ಬಯಲು ಮಾಡ್ತೀನಿ" ಎಂದ.

ಸಭೆಯ ಕೋಣೆಗೆ ಬಂದವನೇ ಬಾಗಿಲಿಗೆ ಒಳಗಿಂದ ಚಿಲಕ ಇದೆಯೇ ಎಂದು ನೋಡಿದ. ಚಿಲಕ ಮುರಿದಿತ್ತು. ಅದಕ್ಕೂ ಅವನಿಗೆ ಅನುಮಾನ.

"ಸಿಸ್ಟರ್, ಸಹಿ ಎಲ್ಲಿ ಹಾಕ್ಬೇಕು?"

"ಯಾವ ಸಹಿ?" ನರ್ಸಮ್ಮ ಕೇಳಿದರು.

"ಇರುತ್ತಲ್ಲ, ಎಲ್ಲಾ ಕಡೆ ಇರೋದು."

"ಇಲ್ಲಿಲ್ಲ. ಚಂದಾ ಇಲ್ಲ, ಔಷಧಿ ಮಾರಲ್ಲ, ಯಾವ ಮತಕ್ಕೂ ಕರೆಯಲ್ಲ. ಮಾತಾಡೋಕೆ ಇಷ್ಟ ಇಲ್ಲದಿದ್ರೆ ಕೇಳ್ತಾ ಕೂತ್ಕೊಳ್ಳಿ. ಒಬ್ಬರು ಮುಗಿಸೋ ತನಕ ಇನ್ನೊಬ್ಬರು ಬಾಯಿ ಹಾಕಬಾರದು, ಕೇಳಿದ್ದನ್ನ ಹೊರಗೆ ಆಡ್ಕೊಬಾರದು. ಇಷ್ಟೇ ನಿಯಮ."

"ನಿಮಗೇನು ಲಾಭ ಇದರಿಂದ?"

"ಮೂವತ್ತು ವರ್ಷ ವಾರ್ಡಿನಲ್ಲಿದ್ದೆ ಅಣ್ಣಾ. ಹೇಳಬೇಕಾದ್ದನ್ನ ಹೇಳದೇ ಹೋದವರನ್ನ ಬಹಳ ನೋಡಿದೆ. ಇನ್ನು ನೋಡೋಕೆ ಆಗಲ್ಲ."

ಮೊದಲು ಒಬ್ಬ ಬಸ್ ಡ್ರೈವರ್ ಮಾತಾಡಿದ. ತನಗೆ ಸಾವಿಗಿಂತ, ಆಸ್ಪತ್ರೆಯಲ್ಲಿ ಮಲಗಿಸಿ ಕನ್ನಡಕ ಕಿತ್ತಿಡುತ್ತಾರಲ್ಲ, ಅದೇ ಭಯ ಎಂದ. ಎಲ್ಲರೂ ನಕ್ಕರು. "ಇವನು ಅವರ ಕಡೆಯವನೇ" ಎಂದು ತಮ್ಮ ನನ್ನ ಕಿವಿಯಲ್ಲಿ ಉಸುರಿದ.

ಆಗ ಅವನ ಹೆಂಡತಿ ಬಾಯಿ ತೆರೆದಳು. ಡ್ರೈವರನದೂ ಅವಳದೂ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

"ಮತ್ತೆ ಉಸಿರು ಕಟ್ಟಿದ್ರೆ ನನಗೆ ಯಂತ್ರ ಬೇಡ. ಸಂಕಟ ಕಡಿಮೆ ಆಗೋಕೆ ಔಷಧಿ ಕೊಡ್ಲಿ. ಮನೇಲಿ, ಕಿಟಕಿ ಪಕ್ಕ, ತಲೆ ಎತ್ತರಿಸಿ ಮಲಗಿಸಿದ್ರೆ ಸಾಕು." ನಡುವೆ ನಿಂತು ಉಸಿರೆಳೆದುಕೊಂಡಳು. ಯಾರೂ ಅವಸರ ಮಾಡಲಿಲ್ಲ. "ಇವರು ಅವರಿವರ ಕಾಲು ಹಿಡ್ಕೊಂಡು ಓಡಾಡಬಾರದು. ನನ್ನ ಹತ್ರ ಕೂತಿರ್ಬೇಕು."

"ಬಿಡ್ತು ಅನ್ನು" ಎಂಬುದು ತಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನಿಯಮ ನೆನಪಾಗಿ ನುಂಗಿಕೊಂಡ. ಅವಳು ಮುಗಿಸಿದ ಮೇಲೆ ಕೇಳಿದ, "ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಎರಡು ವರ್ಷದಿಂದ ಹೇಳೋಕೆ ನೋಡ್ತಿದ್ದೀನಿ. ಇವತ್ತು ನೀವು ಅಡ್ಡ ಬರಲಿಲ್ಲ."

ಮರುದಿನ ತಮ್ಮ ತಾನೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದ. ಯಂತ್ರ ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಎಂದು ಎರಡೆರಡು ಸಲ ಹೇಳಿಸಿದ. ಅವಳ ಮಾತನ್ನು ಡಾಕ್ಟರು ಫೈಲಿನಲ್ಲಿ ಬರೆದದ್ದನ್ನು ತಾನೇ ಓದಿ ನೋಡಿದ. ಮನೆಗೆ ಬಂದು, "ಯಾವ ಕಿಟಕಿ?" ಎಂದ.

"ರಸ್ತೆ ಕಡೇದು. ಯಾರು ಬಂದ್ರು, ಯಾರು ಹೋದ್ರು ನೋಡ್ಬೇಡ್ವಾ?"

ಅವತ್ತೇ ಮಂಚ ಅಲ್ಲಿಗೆ ಸರಿಸಿದ. ಅವಳು ಈಗಲೂ ಅಲ್ಲಿ ಕೂತು ಬೀದಿಯವರನ್ನೆಲ್ಲ ಮಾತಾಡಿಸುತ್ತಾಳೆ. ತಮ್ಮ ವಾರ ತಪ್ಪದೆ ಸಭೆಗೆ ಬರುತ್ತಾನೆ. ಮೇಲ್ವಿಚಾರಣೆಗೆ ಬರುತ್ತೇನೆ ಎನ್ನುತ್ತಾನೆ.

ಓದುವ ಅಣ್ಣಂದಿರೇ, ಅಕ್ಕತಂಗಿಯರೇ, ಅನುಮಾನವಿದ್ದರೆ ಅನುಮಾನ ಇಟ್ಟುಕೊಂಡೇ ಬನ್ನಿ. ಸಹಿ ಕೇಳಿದರೆ, ಹಣ ಕೇಳಿದರೆ ಎದ್ದು ಹೋಗಿ. ಕೊನೆಗಾಲದಲ್ಲಿ ಎಲ್ಲಿರಬೇಕು, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಿಮಗೆ ಮಾತು ನಿಂತರೆ ನಿಮ್ಮ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಮನೆಯವರಿಗೂ ಡಾಕ್ಟರಿಗೂ ಹೇಳಿಡಿ. ಮಾತಾಡಿದರೆ ಸಾವು ಬೇಗ ಬರುತ್ತದೆ ಎಂದು ಹೆದರಬೇಡಿ. ನನ್ನ ಯಜಮಾನರು ಅದರ ಒಂದು ಮಾತೂ ಆಡಿರಲಿಲ್ಲ, ಆದರೂ ಹೋದರು. ಆಯುಸ್ಸು ದೇವರು ಕೊಟ್ಟಷ್ಟೇ.

ನನ್ನ ಇಷ್ಟವನ್ನು ಮೊನ್ನೆ ಮಕ್ಕಳಿಗೆ ಹೇಳಿದೆ. ಮಗಳು ಬರೆದುಕೊಂಡಳು. ಮಗ ಎದ್ದು ಹೊರಗೆ ಹೋದ. ಅವನಿಗೆ ಇನ್ನೊಮ್ಮೆ ಹೇಳುತ್ತೇನೆ. ನೀವೂ ನಿಮ್ಮವರನ್ನು ಕರೆದು ಕೂರಿಸಿಕೊಳ್ಳಿ, ಅವರಿಗೆ ಮಾತು ಇರುವಾಗಲೇ.