ಕ್ಷೌರಿಕನ ಗಂಟಲಿಗೆ ಮೂರು ದಿನ ರಜೆ

ಕತ್ತರಿಗಿಂತ ನಾಲಿಗೆಯನ್ನೇ ಹೆಚ್ಚು ಆಡಿಸುವ ಕ್ಷೌರಿಕನಿಗೆ ಶುಕ್ರವಾರ ಗಂಟಲು ಕೈಕೊಟ್ಟಿತು. ಎದುರುಗಡೆ ಟೀವಿ ಇರುವ ಹೊಸ ಸಲೂನು ತೆರೆದು ವಾರವಾಗಿತ್ತು. ಇವನ ಅಂಗಡಿಯ ಟೀವಿ ಎಂದರೆ ಇವನ ಬಾಯಿ. ಅದೂ ಬಂದ್ ಆದರೆ ಶನಿವಾರದ ಗಿರಾಕಿಗಳೆಲ್ಲ ರಸ್ತೆ ದಾಟುವುದು ಖಚಿತ.

ಪಕ್ಕದ ಔಷಧಿ ಅಂಗಡಿ ಅತ್ತಿಗೆಯದು. ಡಾಕ್ಟರ ಚೀಟಿ ಮುಂದಿಟ್ಟು ಗೊಗ್ಗರು ದನಿಯಲ್ಲಿ ಗೋಗರೆದ: “ಇದ್ರಲ್ಲಿ ಬರೀ ಉಪ್ಪುನೀರು, ಹಬೆ, ಮೂರು ದಿನ ಮೌನ ಅಂತ ಗೀಚಿದಾರೆ ಅತ್ತಿಗೆ. ನೀವು ಒಂದೆರಡು ಆಂಟಿಬಯೋಟಿಕ್ ಕೊಟ್ಬಿಡಿ.”

“ಇದು ವೈರಸ್ಸು ಕಣೋ. ಆ ಮಾತ್ರೆ ಬ್ಯಾಕ್ಟೀರಿಯಾಗೆ.”

“ನುಂಗಿದ್ರೆ ನಷ್ಟ ಏನು?”

“ಮೈಯಲ್ಲಿರೋ ಬಡಪಾಯಿ ಬ್ಯಾಕ್ಟೀರಿಯಾಗಳು ಸಾಯ್ತಾವೆ, ಗಟ್ಟಿಪಿಂಡಗಳು ಉಳ್ಕೊಂಡು ಸಂಸಾರ ಬೆಳೆಸ್ತಾವೆ. ನಾಳೆ ನಿಂಗೋ, ನಿನ್ನಿಂದ ಅಂಟಿಸ್ಕೊಂಡ ಗಿರಾಕಿಗೋ ನಿಜವಾಗ್ಲೂ ಬೇಕಾದಾಗ ಮಾತ್ರೆ ಕೆಲ್ಸ ಮಾಡಲ್ಲ. ನಿನ್ನ ಜೋಕಿನ ಥರ. ಹತ್ತನೇ ಸಲಕ್ಕೆ ಯಾರಾದ್ರೂ ನಗ್ತಾರಾ?”

ಮಾತ್ರೆ ಸಿಗದಿದ್ದುದಕ್ಕಿಂತ ಜೋಕಿನ ಮಾತೇ ಹೆಚ್ಚು ಚುಚ್ಚಿತು. “ಇನ್ಮೇಲೆ ಅಣ್ಣನ ತಲೆ ಮುಟ್ಟಲ್ಲ ನೋಡಿ!”

“ಮುಟ್ಟೋಕೆ ಅಲ್ಲೇನು ಉಳಿದಿದ್ಯೋ ಮೈದುನ? ಹೋಗು, ಮುಕ್ಕಳಿಸು.”

ಹೀಗೆ ಮಾತ್ರೆಯೂ ಇಲ್ಲ, ಮಾತೂ ಇಲ್ಲ. ಶನಿವಾರ ಬೆಳಿಗ್ಗೆ ಕನ್ನಡಿಯ ಮೇಲೆ ಸೋಪಿನಿಂದ ‘ಗಂಟಲಿಗೆ ರಜೆ, ಕತ್ತರಿಗಿಲ್ಲ’ ಎಂದು ಬರೆದು, ಸಪ್ಪೆ ಮೋರೆ ಹಾಕಿಕೊಂಡು ನಿಂತ.

ಮೊದಲು ಬಂದವನು ನಿವೃತ್ತ ರೈಲು ಚಾಲಕ. ಓದಿ ಕಣ್ಣರಳಿಸಿದ. “ಹೌದಾ? ಹಾಗಾದ್ರೆ ನಾನು ಹೇಳ್ತೀನಿ ಕೇಳು. ಏಳು ವರ್ಷದಿಂದ ಈ ಕುರ್ಚಿ ಮೇಲೆ ಬಾಯಿ ತೆಗೆಯೋಕೆ ಕಾಯ್ತಿದೀನಿ!” ಹಳಿಯ ಮೇಲೆ ಅಡ್ಡ ನಿಂತು ಬಾರಿಸುತ್ತಿದ್ದ ಬ್ಯಾಂಡಿನವರ ಕತೆ ಶುರುವಾಯಿತು. ಗಡ್ಡ ಮುಗಿದರೂ ಕತೆ ಮುಗಿಯಲಿಲ್ಲ. ಬೆಂಚಿನ ಮೇಲಿದ್ದವರಿಗೂ ಬಾಯಿ ಬಂತು: ಒಬ್ಬ ಹಳೆಯ ಸೈಕಲ್ಲಿನ ಬಗ್ಗೆ, ಇನ್ನೊಬ್ಬ ಹೆಂಡತಿಯ ಗೊರಕೆಯ ಬಗ್ಗೆ. ಸಂಜೆಗೆ ಬೆಂಚು ಸಾಲದೆ ಗಿರಾಕಿಗಳು ಮೆಟ್ಟಿಲ ಮೇಲೆ ಕೂತರು. ಎದುರಿನ ಟೀವಿ ತನ್ನ ಪಾಡಿಗೆ ತಾನು ಕಿರುಚುತ್ತಿತ್ತು.

ಅಂಗಡಿಗೆ ವಾರದ ರಜೆಯಾದ ಮಂಗಳವಾರ, ಕಟ್ಟಿದ್ದ ಗಂಟಲು ತಾನಾಗಿಯೇ ಬಿಟ್ಟಿತು. ಮೂರು ದಿನ ಕೂಡಿಟ್ಟ ಜೋಕುಗಳು ನಾಲಿಗೆಯ ತುದಿಯಲ್ಲಿ ನೂಕುನುಗ್ಗಲು ಮಾಡುತ್ತಿದ್ದವು. ಬುಧವಾರ ಬೆಳಿಗ್ಗೆ ಚಾಲಕ ಬಂದು ಕೂತ. ಕನ್ನಡಿ ಒರೆಸಿದ್ದನ್ನು ಕಂಡು ನೊರೆಯೊಳಗೇ ಅವನ ಮುಖ ಬಾಡಿತು. ಬೆಂಚೂ ತೆಪ್ಪಗಾಯಿತು.

ಕ್ಷೌರಿಕ ಬಾಯಿ ತೆರೆದ. ಬೆಂಚಿನತ್ತ ನೋಡಿದ. ಜೋಕನ್ನು ಗುಳುಕ್ಕನೆ ನುಂಗಿದ.

“ಆ ಬ್ಯಾಂಡಿನವ್ರು,” ಎಂದ, “ಹಳಿ ಬಿಟ್ಟು ಇಳಿದ್ರಾ ತಾತ? ಆಮೇಲೆ?”